ತೂಕದ ಕಾರ್ಡಿನಲ್ಲಿ ಹಲ್ಲಿಗೂ ಜಾಗ ಕೊಡಿ

ಸಂಪಾದಕರೇ,

ಮುಂಬಯಿಯಲ್ಲಿ ನಮ್ಮ ಕನ್ನಡ ಸಂಘದವರು ನಡೆಸುವ ಆರೋಗ್ಯ ಶಿಬಿರಗಳಲ್ಲಿ ಒಂದು ಮೇಜಿನಲ್ಲಿ ಮಕ್ಕಳ ಎತ್ತರ, ತೂಕ ಬರೆದುಕೊಳ್ಳುತ್ತಾರೆ. ಇನ್ನೊಂದರಲ್ಲಿ ಹಲ್ಲಿನ ಡಾಕ್ಟರು ಟಾರ್ಚ್ ಹಿಡಿದು ಬಾಯಿ ನೋಡುತ್ತಾರೆ. ಎರಡು ಚೀಟಿಗಳನ್ನು ಯಾರೂ ಒಟ್ಟಿಗೆ ಇಟ್ಟು ನೋಡುವುದಿಲ್ಲ.

ಹದಿಹರೆಯದವರಲ್ಲಿ ತೂಕಕ್ಕೂ ಹಲ್ಲಿನ ಹುಳುಕಿಗೂ ನಂಟಿದೆ. ಆದರೆ ಲೆಕ್ಕ ಅಷ್ಟು ಸರಳವಲ್ಲ. ದಪ್ಪಗಿರುವವರಿಗೆ ಹುಳುಕು ಜಾಸ್ತಿ ಎನ್ನುತ್ತವೆ ಕೆಲವು ಅಧ್ಯಯನಗಳು, ಸಣಕಲು ಮಕ್ಕಳಿಗೇ ಜಾಸ್ತಿ ಎನ್ನುತ್ತವೆ ಇನ್ನು ಕೆಲವು. ಎರಡೂ ಸರಿಯಿರಬಹುದು. ಸಕ್ಕರೆ ತೂಕ ಏರಿಸುತ್ತದೆ, ಬಾಯಿಯ ಬ್ಯಾಕ್ಟೀರಿಯಾಗಳಿಗೂ ಊಟವಾಗುತ್ತದೆ. ಅವು ಬಿಡುವ ಆಮ್ಲ ಹಲ್ಲನ್ನು ಕೊರೆಯುತ್ತದೆ. ಇತ್ತ ದವಡೆ ಹಲ್ಲು ನೋಯುವ ಹುಡುಗಿ ಭಾಕರಿ, ಕಡಲೆ ಬಿಟ್ಟು ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನುತ್ತಾಳೆ. ತೂಕ ಇಳಿಯುತ್ತದೆ, ಹುಳುಕು ಬೆಳೆಯುತ್ತದೆ. ಅವಳಿಗೆ ಸುಮ್ನೆ 'ಚೆನ್ನಾಗಿ ತಿನ್ನಮ್ಮ' ಎಂದರೆ ಏನು ಪ್ರಯೋಜನ, ಅಲ್ವಾ?

ದಿನದ ಕ್ಯಾಲೊರಿಯಲ್ಲಿ ಸೇರಿಸಿದ ಸಕ್ಕರೆ, ಜ್ಯೂಸಿನ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆಯಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. 300 ಎಂಎಲ್ ಕೋಲಾ ಒಂದರಲ್ಲೇ ಸುಮಾರು 30 ಗ್ರಾಂ ಸಕ್ಕರೆ. ಟ್ಯೂಷನ್ ಕ್ಲಾಸಿನ ಕೆಳಗಿನ ಅಂಗಡಿಯಲ್ಲಿ ವಡಾಪಾವ್ ಜತೆ ಅದು ಮಾಮೂಲು. (ವಡಾಪಾವ್ ಮೇಲೆ ನನಗೇನೂ ಸಿಟ್ಟಿಲ್ಲ.)

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹಲ್ಲೂ ಸೇರಿದೆ, ಅದೂ 18 ವರ್ಷದವರೆಗೆ. ನಮ್ಮ ಸಂಘಗಳೂ ಖಾಸಗಿ ಶಾಲೆಗಳೂ ಒಂದೇ ಕಾರ್ಡಿನಲ್ಲಿ ಎತ್ತರ, ತೂಕ, ಹುಳುಕು ಹಲ್ಲು ಎಷ್ಟೆಂದು ಬರೆಯಲಿ. ತೂಕ ಕಡಿಮೆಯಿದ್ದವರಿಗೆ ಟಾನಿಕ್ ಬರೆದುಕೊಡುವ ಮೊದಲು ಬಾಯಿ ತೆರೆಸಿ ನೋಡಲಿ.

– ಒಬ್ಬ ತಾಯಿ, ಮುಂಬಯಿ