ಹಳ್ಳ ಮುಚ್ಚಿದ ಮೇಲೆ ಜಾಗ ಯಾರಿಗೆ?

ಗೆಳೆಯಾ,

ಅಮೆರಿಕದ ರಾಜಕೀಯ ಅಂದರೆ ನಿಮ್ಮ ಟಿವಿಯಲ್ಲಿ ಬರುವುದು ವೈಟ್ ಹೌಸ್ ಒಂದೇ. ಅದಕ್ಕೇ ಇರಬೇಕು, "ನಿಮ್ಮೂರಲ್ಲೂ ಕಾರ್ಪೊರೇಟರ್‌ಗಳು ಇರ್ತಾರೇನೋ?" ಅಂತ ಕೇಳಿದ್ದೀಯ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ಕಾಣದ ಬೆಂಗಳೂರಲ್ಲಿ ಕೂತು ಈ ಪ್ರಶ್ನೆ! ಇದ್ದಾರೆ ಕಣೋ. ನ್ಯೂಯಾರ್ಕ್ ರಾಜ್ಯದ ನಮ್ಮ ರಾಚೆಸ್ಟರ್‌ನಲ್ಲಿ ಒಂಬತ್ತು ಜನ ಇದ್ದಾರೆ. ಐವರನ್ನು ಇಡೀ ಊರು ಸೇರಿ ಆರಿಸುತ್ತದೆ, ನಾಲ್ವರು ಒಂದೊಂದು ಭಾಗದಿಂದ ಬರುತ್ತಾರೆ. ಮೇಯರನ್ನೂ ಜನರೇ ನೇರವಾಗಿ ಆರಿಸುತ್ತಾರೆ. ನಮ್ಮ ಕಡೆಯ ಹಾಗೆ ಒಂದು ವರ್ಷ ಹಾರ ಹಾಕಿಸಿಕೊಂಡು ಹೋಗುವ ಕುರ್ಚಿ ಅಲ್ಲ ಅದು, ನಿಜವಾದ ಅಧಿಕಾರ ಇದೆ.

ಚುನಾವಣೆ ನವೆಂಬರಿನಲ್ಲಿ ನಡೆಯುತ್ತದೆ, ಆದರೆ ಅಷ್ಟರಲ್ಲಿ ಎಲ್ಲಾ ಮುಗಿದಿರುತ್ತದೆ. ಇದು ಡೆಮಾಕ್ರಟಿಕ್ ಪಕ್ಷದ ಊರು. ಆ ಪಕ್ಷದವರು ತಮ್ಮೊಳಗೇ ಅಭ್ಯರ್ಥಿ ಆರಿಸುವ ಜೂನ್ ತಿಂಗಳ ಮತದಾನದಲ್ಲೇ ಯಾರು ಮೇಯರ್ ಅನ್ನುವುದು ತೀರ್ಮಾನ ಆಗಿಬಿಡುತ್ತದೆ. 2021ರಲ್ಲಿ ಆಗಿನ ಮೇಯರ್ ಲವ್ಲಿ ವಾರೆನ್ ಅವರನ್ನು ಮಲಿಕ್ ಇವಾನ್ಸ್ ಸೋಲಿಸಿದ್ದೂ ಜೂನ್‌ನಲ್ಲೇ. ನನಗಂತೂ ಮತ ಇಲ್ಲ, ಗ್ರೀನ್ ಕಾರ್ಡಿನವನು. ಟ್ಯಾಕ್ಸ್ ಮಾತ್ರ ಇದೆ. ಆದರೆ ಕೌನ್ಸಿಲ್ ಮುಂದೆ ಎದ್ದು ನಿಂತು ಮಾತಾಡಲು ಮತದಾರನೇ ಆಗಿರಬೇಕು ಅಂತೇನಿಲ್ಲ. ಹೆಸರು ಬರೆಸಬೇಕು, ಕೊಟ್ಟ ಕೆಲವೇ ನಿಮಿಷದಲ್ಲಿ ಹೇಳಿ ಮುಗಿಸಬೇಕು. ಉತ್ತರ ಬರಲೇಬೇಕು ಅಂತಿಲ್ಲ, ಕೇಳಿಸಿಕೊಳ್ಳುತ್ತಾರೆ ಅಷ್ಟೆ. ಸಿಟಿ ಹಾಲ್ ಇರುವುದು ಚರ್ಚ್ ಸ್ಟ್ರೀಟಿನಲ್ಲಿ. ನಿನ್ನ ಚರ್ಚ್ ಸ್ಟ್ರೀಟಿನಷ್ಟು ಮಜಾ ಇಲ್ಲ ಬಿಡು.

ಈಗ ಊರಲ್ಲಿ ನಡೆಯುತ್ತಿರುವ ವಿಷಯಕ್ಕೆ ಬರ್ತೀನಿ. ನಡು ಊರಿನ ಸುತ್ತ ಇನ್ನರ್ ಲೂಪ್ ಅಂತ ಒಂದು ರಿಂಗ್ ರೋಡ್ ಇದೆ. 1950ರ ದಶಕದ ಆರಂಭದಲ್ಲಿ ಶುರುವಾಗಿ 1965ಕ್ಕೆ ಮುಗಿಯಿತು. ಬಹಳಷ್ಟು ಕಡೆ ನೆಲ ಅಗೆದು ಹಳ್ಳದೊಳಗೆ ಇಳಿಸಿದ ರಸ್ತೆ. ಅದಕ್ಕಾಗಿ ಕೆಡವಿದ ಮನೆ, ಅಂಗಡಿ, ಓಣಿಗಳಿಗೆ ಲೆಕ್ಕವಿಲ್ಲ. 1950ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 3,32,488. ಇನ್ನೂ ಬೆಳೆಯುತ್ತದೆ, ಕಾರುಗಳು ಜಾಸ್ತಿಯಾಗುತ್ತವೆ ಅಂತ ರಸ್ತೆ ಮಾಡಿದರು. ಆ ಕಾರುಗಳಲ್ಲೇ ಕೂತು ಜನ ಹೊರಗಿನ ಬಡಾವಣೆಗಳಿಗೆ ಹೊರಟುಹೋದರು. 2020ರಲ್ಲಿ ಉಳಿದವರು 2,11,328. ಕ್ಯಾಮೆರಾ, ಫಿಲ್ಮಿನ ಕೊಡಾಕ್ ಕಂಪನಿಯಲ್ಲಿ 1982ರಲ್ಲಿ ಇಲ್ಲೇ 60,000ಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಿದ್ದರು. ಅದೇ ಕಂಪನಿ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಇವತ್ತು ಇಲ್ಲಿ ಅತಿ ಹೆಚ್ಚು ಜನರಿಗೆ ಕೆಲಸ ಕೊಟ್ಟಿರುವುದು ವಿಶ್ವವಿದ್ಯಾಲಯ ಮತ್ತು ಅದರ ಆಸ್ಪತ್ರೆ. ಅವುಗಳ ಕಟ್ಟಡಗಳಿಗೆ ಆಸ್ತಿ ತೆರಿಗೆ ಇಲ್ಲ. ಹಾಗಾಗಿ ತೆರಿಗೆ ಕಟ್ಟುವ ಯಾವನೇ ಡೆವಲಪರ್ ಬಂದರೂ ಸಿಟಿ ಹಾಲಿನವರು ಮಣೆ ಹಾಕಿ ಕೂರಿಸುತ್ತಾರೆ.

ಅಗೆಯುವುದು, ಮುಚ್ಚುವುದು ಈ ಊರಿಗೆ ಹಳೇ ಚಾಳಿ. ಹತ್ತೊಂಬತ್ತನೇ ಶತಮಾನದಲ್ಲಿ ಈರಿ ಕಾಲುವೆ ನಡು ಊರಲ್ಲೇ ಹರಿಯುತ್ತಿತ್ತು. ಅದನ್ನು ಊರ ಹೊರಗೆ ತಿರುಗಿಸಿದ ಮೇಲೆ ಖಾಲಿ ಪಾತ್ರದಲ್ಲಿ ಸುರಂಗ ರೈಲು ಓಡಿಸಿದರು, 1927ರಿಂದ 1956ರವರೆಗೆ. ಅದೂ ನಿಂತ ಮೇಲೆ ಪೂರ್ವದ ಭಾಗದಲ್ಲಿ ಹೆದ್ದಾರಿ ಹಾಕಿದರು. ಒಂದೇ ಗುಂಡಿಯಲ್ಲಿ ದೋಣಿ, ರೈಲು, ಕಾರು!

ಇನ್ನರ್ ಲೂಪಿನ ಪೂರ್ವ ಭಾಗದಲ್ಲಿ ವಾಹನಗಳೇ ಕಡಿಮೆಯಾಗಿ, ಅಷ್ಟಗಲದ ರಸ್ತೆ ಸುಮ್ನೆ ಬಿದ್ದಿತ್ತು. ಹಳೇ ಸೇತುವೆಗಳನ್ನು ರಿಪೇರಿ ಮಾಡುವ ಬದಲು ಹಳ್ಳವನ್ನೇ ಮುಚ್ಚೋಣ ಅಂದರು. 2013ರಲ್ಲಿ ಕೇಂದ್ರ ಸರ್ಕಾರದಿಂದ 1.77 ಕೋಟಿ ಡಾಲರ್ ಬಂತು. ಮರುವರ್ಷ ಕೆಲಸ ಶುರುವಾಗಿ 2017ರ ಡಿಸೆಂಬರ್‌ಗೆ ಮುಗಿಯಿತು. ಸುಮಾರು ಆರು ಎಕರೆ ಜಾಗ ಹೊಸದಾಗಿ ಸಿಕ್ಕಿತು. ಈಗ ಯೂನಿಯನ್ ಸ್ಟ್ರೀಟಿನಲ್ಲಿ ನಡೆದುಹೋದರೆ ಇಲ್ಲೊಂದು ಹಳ್ಳ ಇತ್ತು ಅಂತ ಯಾರೂ ಹೇಳಲಾರರು. ಪಕ್ಕದಲ್ಲೇ ಸೈಕಲ್ಲಿಗೆ ಬೇರೆ ದಾರಿ, ಆ ಕಡೆ ಅಪಾರ್ಟ್‌ಮೆಂಟುಗಳು. ಆಟಿಕೆಗಳ ದೊಡ್ಡ ಮ್ಯೂಸಿಯಂ ಇದೆಯಲ್ಲ, ಸ್ಟ್ರಾಂಗ್ ಮ್ಯೂಸಿಯಂ, ಅದೂ ಇದೇ ಜಾಗದ ಕಡೆಗೆ ಬೆಳೆದು 2023ರಲ್ಲಿ ಹೊಸ ಭಾಗ ತೆರೆಯಿತು. ಜೊತೆಗೆ ಒಂದು ಭಾರೀ ಪಾರ್ಕಿಂಗ್ ಕಟ್ಟಡ. ಕಾರಿನ ರಸ್ತೆ ಮುಚ್ಚಿ ಕಾರು ನಿಲ್ಲಿಸಲು ಕಟ್ಟಡ! ನಗಬೇಡ, ಇಲ್ಲಿ ಜನ ಹಾಲು ತರಲೂ ಕಾರಿನಲ್ಲೇ ಹೋಗುತ್ತಾರೆ.

ಹಳ್ಳ ಮುಚ್ಚಿದ್ದು ಒಳ್ಳೆಯದೇ, ನನಗೂ ಖುಷಿ. ಆದರೆ ಪೂರ್ವದ ಕೆಲಸ ಸುಲಭದ್ದಾಗಿತ್ತು. ಆ ಕಡೆ ಮೊದಲೇ ಅನುಕೂಲಸ್ಥರ ಓಣಿಗಳು, ಒಳ್ಳೆಯ ಬಾಡಿಗೆ. ಈಗ ಬರುತ್ತಿರುವುದು ಉತ್ತರದ ಭಾಗ. 2022ರಲ್ಲಿ ನ್ಯೂಯಾರ್ಕ್ ರಾಜ್ಯ ಸರ್ಕಾರ ಅದಕ್ಕೆ 10 ಕೋಟಿ ಡಾಲರ್ ಇಟ್ಟಿತು. ಅಲ್ಲಿ ಮಾರ್ಕೆಟ್‌ವ್ಯೂ ಹೈಟ್ಸ್ ಅನ್ನುವ ಬಡವರ ಬಡಾವಣೆ ಇದೆ. 1905ರಿಂದ ನಡೆಯುತ್ತಿರುವ ಪಬ್ಲಿಕ್ ಮಾರ್ಕೆಟ್ ಇರುವುದೂ ಅಲ್ಲೇ. ಶನಿವಾರ ನಾವು ಟೊಮೆಟೊ, ಮೆಣಸಿನಕಾಯಿ ತರುವ ಜಾಗ. ಮಾರುವವರು ನಮ್ಮ ಸಂತೆಯವರ ಹಾಗೇ ಕೂಗುತ್ತಾರೆ, ಮಧ್ಯಾಹ್ನ ಆಗುತ್ತಿದ್ದ ಹಾಗೆ ಬುಟ್ಟಿಗಟ್ಟಲೆ ಅಗ್ಗಕ್ಕೆ ಕೊಡುತ್ತಾರೆ. ರಸ್ತೆಗಾಗಿ ಒಮ್ಮೆ ಮನೆ ಕಳಕೊಂಡ ಕಡೆಯವರು ಈ ಬಡಾವಣೆಯವರು. ರಸ್ತೆ ಹೋದ ಮೇಲೆ ಬರುವ ಜಾಗದಲ್ಲಿ ನಮಗೇನು ಅಂತ ಕೇಳುತ್ತಿದ್ದಾರೆ, ಕೇಳಬಾರದಾ?

ಉತ್ತರ ರೆಡಿ ಇರುತ್ತದೆ: ಕೈಗೆಟುಕುವ ಬಾಡಿಗೆಯ ಮನೆಗಳು. ಇಲ್ಲೇ ನೋಡು ಲೆಕ್ಕ ಶುರುವಾಗುವುದು. ಕಳೆದ ಚಳಿಗಾಲದಲ್ಲಿ ಒಂದು ಸಭೆಗೆ ಹೋಗಿದ್ದೆ. ಸ್ಟ್ಯಾಂಡಿನ ಮೇಲೆ ಬಣ್ಣದ ಬೋರ್ಡುಗಳು, ಮೇಜಿನ ಮೇಲೆ ಕುಕೀಸ್, ಅಂಟಿಸಲು ಹಳದಿ ಚೀಟಿಗಳು. ಬೋರ್ಡಿನಲ್ಲಿ '60% ಎಎಂಐ' ಅಂತ ಬರೆದಿತ್ತು. ಎಎಂಐ ಅಂದರೆ ಆ ಪ್ರದೇಶದ ನಡುವಿನ ವರಮಾನ. ಎಲ್ಲ ಕುಟುಂಬಗಳನ್ನೂ ವರಮಾನದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ಮಧ್ಯದಲ್ಲಿ ನಿಂತವರದ್ದು. ಪ್ರತಿ ವರ್ಷ ಕೇಂದ್ರ ಸರ್ಕಾರದ ವಸತಿ ಇಲಾಖೆ ಇದನ್ನು ಹೊರಡಿಸುತ್ತದೆ. ನನ್ನ ಪಕ್ಕದಲ್ಲಿದ್ದ ಒಬ್ಬ ಅಜ್ಜಿ ಕೋಟು ಬಿಚ್ಚದೆ ಆ ಬೋರ್ಡನ್ನೇ ದಿಟ್ಟಿಸುತ್ತಿದ್ದರು. ಆಮೇಲೆ ಅಲ್ಲಿ ನಿಂತಿದ್ದ ಹುಡುಗನನ್ನು ಕೇಳಿದ್ದು ಒಂದೇ ಪ್ರಶ್ನೆ: ಯಾರ ವರಮಾನ ಇದು? ಆ ಹುಡುಗ ಪಾಪ, ತಡವರಿಸಿದ.

ಆ ಸಾಲಿನಲ್ಲಿ ನಿಲ್ಲಿಸಿರುವುದು ಬರೀ ರಾಚೆಸ್ಟರ್ ಊರಿನವರನ್ನಲ್ಲ. ಸುತ್ತಲಿನ ಕೌಂಟಿಗಳನ್ನೂ (ನಮ್ಮ ಜಿಲ್ಲೆಗಳಿದ್ದ ಹಾಗೆ) ಸೇರಿಸಿದ್ದಾರೆ. ಪಿಟ್ಸ್‌ಫರ್ಡ್‌ನಂಥ ಶ್ರೀಮಂತ ಊರುಗಳವರೂ ಅದೇ ಸಾಲಿನಲ್ಲಿದ್ದಾರೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ನಾಲ್ಕು ಜನರ ಮನೆಗೆ ನಡುವಿನ ವರಮಾನ ವರ್ಷಕ್ಕೆ 1 ಲಕ್ಷ ಡಾಲರ್ ಅಂತಿಟ್ಟುಕೋ. ಅದರ 60% ಅಂದರೆ 60,000. ಅದರಲ್ಲಿ 30% ಬಾಡಿಗೆಗೆ ಹೋದರೆ ಭಾರವಲ್ಲ ಅನ್ನುವುದು ಇಲ್ಲಿಯ ರೂಢಿ. ಅಂದರೆ ವರ್ಷಕ್ಕೆ 18,000, ತಿಂಗಳಿಗೆ 1,500 ಡಾಲರ್. ಆದರೆ ಊರೊಳಗಿನ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ 60,000 ವರಮಾನವೇ ಇಲ್ಲ. ಪಿಟ್ಸ್‌ಫರ್ಡಿನವನ ಸಂಬಳ ಸೇರಿಸಿ ಗೆರೆ ಎಳೆದು, ಮಾರ್ಕೆಟ್ ಪಕ್ಕದ ಅಜ್ಜಿಗೆ ಇದು ಕೈಗೆಟುಕುವ ಮನೆ ಅಂದರೆ ಹೇಗೆ? ಕಾನೂನಿನ ಪ್ರಕಾರ ಒಂದು ಸುಳ್ಳೂ ಇಲ್ಲ ಇದರಲ್ಲಿ. ನನಗೆ ಸಿಟ್ಟು ಬರುವುದು ಅದಕ್ಕೇ.

ಇನ್ನೊಂದು ಆಟ ತೆರಿಗೆ ವಿನಾಯಿತಿಯದ್ದು. ನ್ಯೂಯಾರ್ಕ್ ರಾಜ್ಯದಲ್ಲಿ ಸಾಮಾನ್ಯವಾಗಿ ಕೌಂಟಿಗೊಂದು ಕೈಗಾರಿಕಾಭಿವೃದ್ಧಿ ಸಂಸ್ಥೆ ಇರುತ್ತದೆ. ಅದರ ಆಡಳಿತ ಮಂಡಳಿಯವರನ್ನು ಜನ ಆರಿಸುವುದಿಲ್ಲ, ನೇಮಕ ಮಾಡುತ್ತಾರೆ. ಕಟ್ಟುವವನಿಗೆ ಸಾಮಾನಿನ ಮೇಲಿನ ಮಾರಾಟ ತೆರಿಗೆ ಬಿಡಬಹುದು. ಆಸ್ತಿ ತೆರಿಗೆಯ ಬದಲು ಮಾತಾಡಿಕೊಂಡ ಕಡಿಮೆ ಮೊತ್ತವನ್ನು ವರ್ಷಗಳವರೆಗೆ ಕಟ್ಟಿಸಿಕೊಳ್ಳಬಹುದು. 1 ಲಕ್ಷ ಡಾಲರ್ ದಾಟಿದ ನೆರವಾದರೆ ಸಾರ್ವಜನಿಕರ ಅಹವಾಲು ಕೇಳಲೇಬೇಕು ಅಂತ ಕಾನೂನಿದೆ. ಅಂಥ ಒಂದಕ್ಕೆ ನಾನೂ ಹೋಗಿದ್ದೆ. ವಾರದ ನಡುವೆ, ಎಲ್ಲರೂ ಕೆಲಸದಲ್ಲಿರುವ ಹೊತ್ತು. ಕುರ್ಚಿಗಳೇ ಜಾಸ್ತಿ, ಜನ ಬೆರಳೆಣಿಕೆ. ನೋಟಿಸ್ ಓದಿದರು, ಯಾರಾದರೂ ಮಾತಾಡುವುದಿದೆಯಾ ಅಂದರು, ಮುಗಿಸಿದರು. ಅದೇ ಊರಲ್ಲಿ ಒಂದು ಬೀದಿಗೆ ಸ್ಪೀಡ್ ಹಂಪ್ ಹಾಕುವ ಮಾತಿಗೆ ಕೂರಲು ಜಾಗ ಇರುವುದಿಲ್ಲ.

ಹಾಗಂತ ಸಿಟಿ ಹಾಲಿನವರನ್ನು ಕಳ್ಳರು ಅನ್ನಲಾರೆ. ಅವರದ್ದು ಕಳ್ಳತನಕ್ಕಿಂತ ಆತುರ ಜಾಸ್ತಿ. 2004ರಲ್ಲಿ ಒಂಟಾರಿಯೊ ಸರೋವರ ದಾಟಿ ಟೊರಾಂಟೊಗೆ ಹೋಗುವ ವೇಗದ ಹಡಗು ಬಂತು. ಊರಿಗೆ ಊರೇ ಕುಣಿಯಿತು. ಖಾಸಗಿಯವರು ಮೂರು ತಿಂಗಳೂ ನಡೆಸಲಾಗದೆ ಕೈ ಎತ್ತಿದರು. ಮರುವರ್ಷ ನಗರಾಡಳಿತವೇ 3.2 ಕೋಟಿ ಡಾಲರ್ ಕೊಟ್ಟು ಹಡಗು ಕೊಂಡಿತು! 2006ರ ಜನವರಿಯಲ್ಲಿ ಹೊಸ ಮೇಯರ್ ರಾಬರ್ಟ್ ಡಫಿ ಬಂದವರೇ ನಿಲ್ಲಿಸಿದರು. ಮಿಡ್‌ಟೌನ್ ಪ್ಲಾಜಾ ಕಥೆಯೂ ಅಷ್ಟೆ. ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್ ವಿನ್ಯಾಸ ಮಾಡಿ 1962ರಲ್ಲಿ ತೆರೆದ ಮಾಲ್, ನಡು ಊರಲ್ಲಿ ಸೂರಿನಡಿ ಕಟ್ಟಿದ್ದು ಅಮೆರಿಕದಲ್ಲೇ ಮೊದಲು. 2008ರಲ್ಲಿ ಮುಚ್ಚಿಸಿ, ಒಂದು ಟೆಲಿಫೋನ್ ಕಂಪನಿಯ ಮುಖ್ಯ ಕಚೇರಿ ಬರುತ್ತದೆ ಅಂತ ಕೆಡವಿದರು. 2011ರಲ್ಲಿ ಆ ಕಂಪನಿಯೇ ಬೇರೆಯವರ ಪಾಲಾಯಿತು. ಆ ಜಾಗದ ಒಂದು ತುಂಡು, ಪಾರ್ಸೆಲ್ 5, ಎಷ್ಟೋ ವರ್ಷ ಬರೀ ಜಲ್ಲಿ, ಹುಲ್ಲು. ಅಲ್ಲಿ ನಾಟಕಶಾಲೆ ಕಟ್ಟುತ್ತೇವೆ ಅಂದರು, ಜನ ಬೇಡ ಅಂತ ಜಗಳಕ್ಕೆ ನಿಂತರು, ಅದೂ ಬಿದ್ದುಹೋಯಿತು. ಈಗ ಬೇಸಿಗೆಯಲ್ಲಿ ಅಲ್ಲೇ ಜಾಝ್ ಹಬ್ಬದ ಉಚಿತ ಕಛೇರಿಗಳು. ಖಾಲಿ ಬಿಟ್ಟಿದ್ದೇ ಚೆನ್ನಾಯಿತು ಅನ್ನುವವರ ಪೈಕಿ ನಾನೂ ಒಬ್ಬ.

ಈ ಸಲ ಉತ್ತರದ ಬಡಾವಣೆಯವರು ಮೊದಲೇ ಎಚ್ಚೆತ್ತಿದ್ದಾರೆ. ಹಿಂಜ್ ನೇಬರ್ಸ್ ಅನ್ನುವ ಗುಂಪೊಂದು ಹಳ್ಳದ ಎರಡೂ ಕಡೆಯವರನ್ನು ಸೇರಿಸಿ, ನಕ್ಷೆ ಹರಡಿಕೊಂಡು ಕೂತಿದೆ. ದೊಡ್ಡ ಅಪಾರ್ಟ್‌ಮೆಂಟ್ ಬೇಡ, ಕೊಳ್ಳಬಹುದಾದ ಸಣ್ಣ ಮನೆಗಳು ಬೇಕು ಅನ್ನುವವರು ಬಹಳ. ಜಾಗವನ್ನು ಮಾರದೆ ಒಂದು ಲ್ಯಾಂಡ್ ಟ್ರಸ್ಟಿನ ಹೆಸರಲ್ಲಿಡಿ ಅನ್ನುವ ಮಾತೂ ಇದೆ. ಮನೆ ನಿನ್ನದು, ನೆಲ ಟ್ರಸ್ಟಿನದು. ಮಾರುವಾಗ ಬಾಯಿಗೆ ಬಂದ ರೇಟು ಹೇಳುವ ಹಾಗಿಲ್ಲ. ಇದು ಆಗುತ್ತದಾ? ನನಗೆ ಅರ್ಧ ನಂಬಿಕೆ. ಮುಖ್ಯ ರಸ್ತೆಯ ಪಕ್ಕದ ಒಳ್ಳೆಯ ತುಂಡುಗಳು ದೊಡ್ಡ ಡೆವಲಪರ್‌ಗಳಿಗೆ ಹೋಗುತ್ತವೆ, ಒಳಗಿನ ಕೆಲವು ಸೈಟುಗಳು ಇವರಿಗೆ ಸಿಗಬಹುದು ಅಂತ ನನ್ನ ಅಂದಾಜು. ಆದರೆ ಷರತ್ತುಗಳನ್ನು ಜಾಗ ಮಾರುವ ಮೊದಲೇ ಕಾಗದದ ಮೇಲೆ ಬರೆಸಿಕೊಂಡರೆ ಅಷ್ಟಾದರೂ ದಕ್ಕುತ್ತದೆ. ಮಾರಿದ ಮೇಲೆ ಕೇಳುವವರಿಲ್ಲ.

ಅದಕ್ಕೇ ಮುಂದಿನ ಕೌನ್ಸಿಲ್ ಸಭೆಗೆ ನಾನೂ ಹೆಸರು ಬರೆಸಿದ್ದೇನೆ. ಹೇಳುವುದು ಒಂದೇ ಮಾತು: ಬಾಡಿಗೆಯ ಗೆರೆಯನ್ನು ನಮ್ಮೂರಿನ ವರಮಾನ ನೋಡಿ ಎಳೆಯಿರಿ, ಸುತ್ತಲಿನ ಕೌಂಟಿಗಳದ್ದಲ್ಲ. ಭಾಷಣ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇನೆ, ಮನೆಯವಳು ಕೇಳಿ ಕೇಳಿ ಸುಸ್ತಾಗಿದ್ದಾಳೆ. ವಿಡಿಯೋ ಹಾಕುತ್ತಾರೆ, ಲಿಂಕ್ ಕಳಿಸ್ತೀನಿ. ನನ್ನ ಇಂಗ್ಲಿಷಿಗೆ ನಗಬೇಡ.

ಅಮ್ಮನಿಗೆ ನಮಸ್ಕಾರ ಹೇಳು. ಮಂಡಿನೋವು ಹೇಗಿದೆ ಅಂತ ಬರಿ.

ಇಂತಿ,
ನಿನ್ನ ಗೆಳೆಯ