ಟವರ್ ಬುಡದಲ್ಲಲ್ಲ, ಎದುರಿನ ಮಹಡಿಯಲ್ಲಿ ಅಳೆಯಿರಿ

ಮಾನ್ಯ ಸಂಪಾದಕರೇ,

ಬಡಾವಣೆಗೆ ಮೊಬೈಲ್ ಟವರ್ ಬರುತ್ತದೆ ಎಂಬ ಸುದ್ದಿ ಹಬ್ಬಿದರೆ ಸಾಕು, ಪಾಲಿಕೆ ಕಚೇರಿ ಮುಂದೆ ಧರಣಿ, ಮರುದಿನ ಪತ್ರಿಕೆಯಲ್ಲಿ ಫೋಟೊ. ಮನವಿ ಪತ್ರದ ತುಂಬ ‘ರೇಡಿಯೇಷನ್’ ಇರುತ್ತದೆ. ಎಷ್ಟು, ಯಾವ ದಿಕ್ಕಿಗೆ, ಯಾವ ಮಹಡಿಗೆ ಎಂಬುದು ಇರುವುದಿಲ್ಲ. ಕಂಪನಿಯವರ ಉತ್ತರವೂ ಅಷ್ಟೇ ಪೊಳ್ಳು: ‘ಎಲ್ಲವೂ ನಿಯಮದಂತೆಯೇ ಇದೆ.’ ಅಳೆದು ತೀರ್ಮಾನಿಸಬಹುದಾದ ಸಂಗತಿಯನ್ನು ಎರಡೂ ಕಡೆಯವರು ಬಾಯಿಮಾತಿನಲ್ಲೇ ಎಳೆದಾಡುತ್ತಿದ್ದಾರೆ.

ಟವರಿನ ತುದಿಯಲ್ಲಿ ಕಾಣುವ ಉದ್ದನೆಯ ಬಿಳಿ ಪೆಟ್ಟಿಗೆಗಳೇ ಸೆಕ್ಟರ್ ಆಂಟೆನಾಗಳು. ಅವುಗಳ ಕಿರಣ ಅಡ್ಡಕ್ಕೆ ಅಗಲ, ಮೇಲೆ-ಕೆಳಗೆ ತೀರ ಕಿರಿದು. ಸಾಮಾನ್ಯವಾಗಿ 6ರಿಂದ 10 ಡಿಗ್ರಿ. 30 ಮೀಟರ್ ಎತ್ತರದ ಆಂಟೆನಾವನ್ನು 6 ಡಿಗ್ರಿ ಕೆಳಕ್ಕೆ ಬಾಗಿಸಿದರೆ ಕಿರಣದ ನಡುಭಾಗ ನೆಲ ಮುಟ್ಟುವುದು ಸುಮಾರು 285 ಮೀಟರ್ ಆಚೆ. ದೂರ ಇಮ್ಮಡಿಯಾದಂತೆಲ್ಲ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದಾದ್ದರಿಂದ ಅಷ್ಟು ಹೊತ್ತಿಗೆ ಅದು ಬಹಳ ಕ್ಷೀಣವಾಗಿರುತ್ತದೆ. ಟವರಿನ ನೇರ ಕೆಳಗೆ ದೀಪದ ಬುಡದ ಕತ್ತಲೆ. ಜನ ಎಲ್ಲಕ್ಕಿಂತ ಹೆಚ್ಚು ಹೆದರುವುದು ದುಂಡನೆಯ ಡ್ರಮ್ಮಿಗೆ. ಅದು ಒಂದು ಟವರಿನಿಂದ ಇನ್ನೊಂದಕ್ಕೆ ಮಾತಾಡುವ ಮೈಕ್ರೊವೇವ್ ಡಿಶ್; ಸಾಮಾನ್ಯವಾಗಿ ಒಂದು ವಾಟ್‌ಗೂ ಕಡಿಮೆ ಶಕ್ತಿ, ಅದೂ ಸೂಜಿಯಂತೆ ನೇರ.

ಹಾಗಾದರೆ ಎಲ್ಲಿ ನೋಡಬೇಕು? ಆಂಟೆನಾದ ಮುಖಕ್ಕೆ ಎದುರಾಗಿ, ಅದೇ ಎತ್ತರದಲ್ಲಿರುವ ಮಹಡಿಯಲ್ಲಿ. ದೂರಸಂಪರ್ಕ ಇಲಾಖೆ ಈ ಸ್ಥಳಕ್ಕೆಂದೇ ಅಂತರ ಹೇಳಿದೆ: ಒಂದು ಆಂಟೆನಾ ಇದ್ದರೆ 20 ಮೀಟರ್, ಎರಡಕ್ಕೆ 35, ನಾಲ್ಕಕ್ಕೆ 45, ಆರಕ್ಕೆ 55, ಹನ್ನೆರಡಕ್ಕೆ 75. ಇದು ಎದುರಿನ, ಸಮಾನ ಎತ್ತರದ ಕಟ್ಟಡಕ್ಕೆ ಮಾತ್ರ ಅನ್ವಯ. ಸುತ್ತ 75 ಮೀಟರ್ ವೃತ್ತ ಎಳೆದು ‘ಇಷ್ಟರೊಳಗೆ ಶಾಲೆ ಇದೆ’ ಎಂದು ವಾದಿಸುವುದು ನಿಯಮವನ್ನು ಅರ್ಧಕ್ಕೆ ಓದಿದಂತೆ.

ತೊಡಕಿರುವುದೂ ಇಲ್ಲಿಯೇ. ಟವರ್ ಚಾಲೂ ಮಾಡುವಾಗ ಕಂಪನಿ ತಾನೇ ಲೆಕ್ಕ ಹಾಕಿ ಸ್ವಯಂ ಪ್ರಮಾಣಪತ್ರ ಕೊಡುತ್ತದೆ. ಆಗ ಎದುರಿಗಿದ್ದದ್ದು ಎರಡಂತಸ್ತಿನ ಮನೆ. ಕೆಲವು ವರ್ಷಗಳಲ್ಲಿ ಅದು ನಾಲ್ಕಂತಸ್ತಾಗುತ್ತದೆ, ಮೇಲೊಂದು ಶೀಟಿನ ರೂಮು ಬೇರೆ. ಇತ್ತ ಅದೇ ಕಂಬಕ್ಕೆ ಇನ್ನೊಂದು ಕಂಪನಿಯ ಆಂಟೆನಾ, ಅದರ ಮೇಲೆ 5ಜಿ ಪೆಟ್ಟಿಗೆ. ಹೆಚ್ಚುವರಿ ಮಹಡಿಗೆ ನಕ್ಷೆ ಮಂಜೂರು ಮಾಡುವ ಅಧಿಕಾರಿ ಎದುರಿನ ಟವರನ್ನು ತಲೆಯೆತ್ತಿ ನೋಡುವ ಪದ್ಧತಿ ನಮ್ಮ ಊರುಗಳಲ್ಲಿಲ್ಲ. ಧರಣಿ ಮಾಡುವುದಾದರೆ ಇದಕ್ಕಾಗಿ ಮಾಡಬೇಕು.

ಮಿತಿ ಎಷ್ಟೆಂಬುದು ಗುಟ್ಟೇನಲ್ಲ. 2012ರ ಸೆಪ್ಟೆಂಬರ್ 1ರಿಂದ ಭಾರತದಲ್ಲಿ ಟವರ್ ಹೊರಸೂಸುವಿಕೆಯ ಮಿತಿ ಐಸಿಎನ್‌ಐಆರ್‌ಪಿ (ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ) ಹೇಳಿದ ಮಿತಿಯ ಹತ್ತನೇ ಒಂದು ಪಾಲು. ಪ್ರತಿ ಚದರ ಮೀಟರ್‌ಗೆ 900 ಮೆಗಾಹರ್ಟ್ಸ್‌ನಲ್ಲಿ 0.45 ವಾಟ್, 1800ರಲ್ಲಿ 0.9, 2000ದಿಂದ ಮೇಲೆ 1 ವಾಟ್. ಒಂದೇ ಜಾಗಕ್ಕೆ ಹಲವು ಬ್ಯಾಂಡಿನ (ಬೇರೆ ಬೇರೆ ಮೆಗಾಹರ್ಟ್ಸ್‌ನ) ತರಂಗ ಬೀಳುತ್ತಿದ್ದರೆ, ಪ್ರತಿಯೊಂದೂ ತನ್ನ ಮಿತಿಯ ಎಷ್ಟು ಪಾಲು ಎಂದು ಲೆಕ್ಕಿಸಿ ಕೂಡಬೇಕು. ಮೊತ್ತ 1 ದಾಟಬಾರದು. ಬಿಡಿಬಿಡಿಯಾಗಿ ‘ಪಾಸು’ ಎಂದು ತೋರಿಸಿದ ವರದಿಯನ್ನು ಒಪ್ಪಬೇಡಿ.

ಅಳತೆಗೆ 2017ರಿಂದ ‘ತರಂಗ್ ಸಂಚಾರ್’ ಪೋರ್ಟಲ್ ಇದೆ. ನಿಮ್ಮ ವಿಳಾಸ ಹಾಕಿ ಸುತ್ತಲ ಟವರುಗಳನ್ನು ನೋಡಬಹುದು. 4000 ರೂಪಾಯಿ ಕಟ್ಟಿದರೆ ಇಲಾಖೆಯ ಸ್ಥಳೀಯ ಘಟಕದವರು ಬಂದು ಅಳೆಯುತ್ತಾರೆ. ಬಂದವರನ್ನು ರಸ್ತೆಯಲ್ಲಿ ನಿಲ್ಲಿಸಿ ಕಳಿಸಿಬಿಟ್ಟರೆ ಹಣ ನೀರುಪಾಲು. ಆಂಟೆನಾ ಎತ್ತರದ ಬಾಲ್ಕನಿ ಅಥವಾ ತಾರಸಿಗೆ ಕರೆದೊಯ್ಯಿರಿ. ಸಂಜೆಯ ದಟ್ಟಣೆಯ ಹೊತ್ತು ಕೇಳಿ, ಆರು ನಿಮಿಷದ ಸರಾಸರಿ ಕೇಳಿ. 5ಜಿ ಆಂಟೆನಾ ಬಳಕೆದಾರನಿರುವತ್ತ ಕಿರಣ ತಿರುಗಿಸುತ್ತದೆ. ಯಾರೂ ಬಳಸದಿದ್ದಾಗ ಅಳೆದರೆ ಅಂಕಿ ಸುಮ್ಮನೆ ಕಡಿಮೆ ಬರುತ್ತದೆ. ಆದ್ದರಿಂದ ಅದೇ ಜಾಗದಲ್ಲಿ, ಮೀಟರಿನಿಂದ ತುಸು ದೂರದಲ್ಲಿ, ಒಂದು 5ಜಿ ಫೋನಿನಲ್ಲಿ ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಾಕಿಡಿ. 4000 ರೂಪಾಯಿಯನ್ನು ಆತಂಕಪಟ್ಟ ಮನೆಯವರೇ ಭರಿಸಬೇಕೆನ್ನುವುದು ನಮಗೆ ಸರಿ ಕಾಣುವುದಿಲ್ಲ. ಪಾಲಿಕೆ, ಪಂಚಾಯಿತಿಗಳು ಟವರಿನಿಂದ ಶುಲ್ಕ ವಸೂಲಿ ಮಾಡುತ್ತವಲ್ಲ, ಅದರಲ್ಲೇ ಇದನ್ನೂ ಕೊಡಲಿ.

ಮೊಬೈಲಿಗೆ ಬಿಟ್ಟಿ ಆ್ಯಪ್ ಹಾಕಿಕೊಂಡು ‘40 ಮೈಕ್ರೊಟೆಸ್ಲಾ ರೇಡಿಯೇಷನ್ ಇದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರಿಗೊಂದು ಮಾತು. ಮೈಕ್ರೊಟೆಸ್ಲಾ ಕಾಂತಕ್ಷೇತ್ರದ ಅಳತೆ; ಆ ಆ್ಯಪ್ ಓದುವುದು ಫೋನಿನ ದಿಕ್ಸೂಚಿ ಸೆನ್ಸರನ್ನು. ಕರ್ನಾಟಕದಲ್ಲಿ ಭೂಮಿಯ ಕಾಂತಕ್ಷೇತ್ರವೇ ಸುಮಾರು 40 ಮೈಕ್ರೊಟೆಸ್ಲಾ. ಟವರಿನ ತರಂಗ ಅದಕ್ಕೆ ಕಾಣಿಸುವುದೇ ಇಲ್ಲ.

ಇನ್ನು ಆರೋಗ್ಯದ ಪ್ರಶ್ನೆ. ರೇಡಿಯೊ ತರಂಗಕ್ಕೆ ಎಕ್ಸ್-ರೇಯಂತೆ ಡಿಎನ್‌ಎ ಒಡೆಯುವ ಶಕ್ತಿಯಿಲ್ಲ. ಖಚಿತವಾಗಿ ಗೊತ್ತಿರುವ ಪರಿಣಾಮ ಬಿಸಿಯಾಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2011ರಲ್ಲಿ ಈ ತರಂಗಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆಯುಳ್ಳವು’ ಎಂಬ 2ಬಿ ಗುಂಪಿಗೆ ಸೇರಿಸಿತು. ಅದಕ್ಕೆ ಮುಖ್ಯ ಆಧಾರ ಟವರ್ ಅಲ್ಲ, ಕಿವಿಗೊತ್ತಿದ ಫೋನಿನ ಅಧ್ಯಯನಗಳು. 2024ರಲ್ಲಿ ಅದೇ ಸಂಸ್ಥೆ ಮಾಡಿಸಿದ ಸಮೀಕ್ಷೆ ಫೋನ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ ಎಂದಿದೆ. ಇಷ್ಟಾದರೂ ಎಚ್ಚರ ಬೇಕೆನ್ನುವವರು ಟವರಿಗಿಂತ ಫೋನನ್ನೇ ನೋಡಲಿ. 4ಜಿ ಫೋನಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ 0.2 ವಾಟ್, ಸಿಗ್ನಲ್ ಚೆನ್ನಾಗಿದ್ದರೆ ಅದರ ಸಣ್ಣ ಚೂರು ಸಾಕು, ಒಂದೇ ಕಡ್ಡಿ ಇದ್ದರೆ ಪೂರ್ತಿ ಕಿರುಚುತ್ತದೆ. ಟವರ್ ದೂರ ತಳ್ಳಿದಷ್ಟೂ ಆ ಬಡಾವಣೆಯ ಫೋನುಗಳು ಕಿವಿಯ ಪಕ್ಕದಲ್ಲೇ ಹೆಚ್ಚು ಸೂಸುತ್ತವೆ. ಲಿಫ್ಟಿನಲ್ಲಿ, ಓಡುವ ಬಸ್ಸಿನಲ್ಲಿ, ನೆಲಮಾಳಿಗೆಯಲ್ಲಿ ದೀರ್ಘ ಮಾತು ಬೇಡ. ಇಯರ್‌ಫೋನ್ ಅಥವಾ ಸ್ಪೀಕರ್ ಸಾಕು. ಪೇಸ್‌ಮೇಕರ್ ಇದ್ದವರು ಫೋನನ್ನು ಅದರಿಂದ 15 ಸೆಂಟಿಮೀಟರ್ ದೂರ ಇಡಲಿ, ಜೇಬಿನಲ್ಲಂತೂ ಬೇಡ. ಇಂಡಕ್ಷನ್ ಒಲೆಯಿಂದ ಪೇಸ್‌ಮೇಕರ್ 60 ಸೆಂಟಿಮೀಟರ್ ದೂರವಿರಲಿ.

‘ರೇಡಿಯೇಷನ್ ತಡೆಯುವ’ ಸ್ಟಿಕ್ಕರ್ ನಿಜವಾಗಿ ಆಂಟೆನಾವನ್ನು ಮುಚ್ಚಿದರೆ ಫೋನ್ ಇನ್ನಷ್ಟು ಶಕ್ತಿ ಹಾಕುತ್ತದೆ. ಮುಚ್ಚದಿದ್ದರೆ ದುಡ್ಡು ದಂಡ. ಪದಕದ ಕಥೆ ಇನ್ನೂ ವಿಚಿತ್ರ. 2021ರಲ್ಲಿ ನೆದರ್ಲೆಂಡ್ಸ್‌ನ ಅಣು ಸುರಕ್ಷತಾ ಪ್ರಾಧಿಕಾರ 5ಜಿಯಿಂದ ಕಾಪಾಡುವವೆಂದು ಮಾರುತ್ತಿದ್ದ ಪದಕ, ಕಡಗಗಳಂಥ ಹತ್ತು ವಸ್ತುಗಳನ್ನು ಪರೀಕ್ಷಿಸಿದಾಗ ಅವೇ ವಿಕಿರಣಶೀಲವಾಗಿದ್ದವು!

ಟವರಿನ ಗದ್ದಲದಲ್ಲಿ ಮನೆಯೊಳಗೆ ಕರೆಂಟು ಹುಟ್ಟಿಸುವ 50 ಹರ್ಟ್ಸ್ ಕಾಂತಕ್ಷೇತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂತರರಾಷ್ಟ್ರೀಯ ಮಿತಿ 200 ಮೈಕ್ರೊಟೆಸ್ಲಾ. ಮನೆಗಳಲ್ಲಿ ಅದರ ಹತ್ತಿರಕ್ಕೂ ಹೋಗುವುದು ಅಪರೂಪ. ಆದರೆ ಸರಾಸರಿ 0.4 ಮೈಕ್ರೊಟೆಸ್ಲಾ ಮೀರಿದ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಸುಮಾರು ಇಮ್ಮಡಿ ಕಂಡುಬಂದಿದೆ ಎಂದು 2000ದಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ತಿಳಿಯಿತು. ಅಂಥ ಮನೆಗಳು ಬಹಳ ಕಡಿಮೆ, ಕಾಂತಕ್ಷೇತ್ರವೇ ಕಾರಣವೆಂದು ಸಾಬೀತಾಗಿಲ್ಲ. ಆದರೂ ಖರ್ಚಿಲ್ಲದೆ ತಗ್ಗಿಸಬಹುದಾದಲ್ಲಿ ತಗ್ಗಿಸುವುದು ಜಾಣತನ. 11 ಕೆವಿ (11,000 ವೋಲ್ಟ್) ತಂತಿ ಕಂಡು ಬೆಚ್ಚುವವರು ಈ ಲೆಕ್ಕ ನೋಡಲಿ: 250 ಕೆವಿಎ ಟ್ರಾನ್ಸ್‌ಫಾರ್ಮರ್ ಪೂರ್ಣ ಹೊರೆಯಲ್ಲಿದ್ದಾಗ 11 ಕೆವಿ ಕಡೆ ಹರಿಯುವುದು 13 ಆಂಪಿಯರ್, 433 ವೋಲ್ಟ್ ಕಡೆ 333 ಆಂಪಿಯರ್. ಕಾಂತಕ್ಷೇತ್ರ ಹುಟ್ಟುವುದು ಆಂಪಿಯರಿನಿಂದ, ವೋಲ್ಟಿನಿಂದಲ್ಲ. ಹೀಗೆ ಹೆಚ್ಚು ಆಂಪಿಯರ್ ಹಾಯುವ ಅಪಾರ್ಟ್‌ಮೆಂಟಿನ ಪ್ಯಾನೆಲ್ ಕೋಣೆಗೆ ತಾಗಿದ ಅಥವಾ ಅದರ ನೇರ ಮೇಲಿನ ಕೋಣೆಯಲ್ಲಿ ಮಗುವಿನ ಹಾಸಿಗೆ ಇದ್ದರೆ ಎರಡು-ಮೂರು ಮೀಟರ್ ಆಚೆ ಸರಿಸಿ. ಗೋಡೆಯಾಗಲಿ ಅಲ್ಯೂಮಿನಿಯಂ ಹಾಳೆಯಾಗಲಿ ಇದನ್ನು ತಡೆಯುವುದಿಲ್ಲ.

ಇನ್ನೊಂದು ಮೂಲ ವೈರಿಂಗ್. ಫೇಸ್ ಮತ್ತು ನ್ಯೂಟ್ರಲ್ ಜತೆಯಲ್ಲೇ ಸಾಗಿದರೆ ಒಂದರ ಕ್ಷೇತ್ರವನ್ನು ಇನ್ನೊಂದು ಬಹುಮಟ್ಟಿಗೆ ಅಳಿಸುತ್ತದೆ. ಪಕ್ಕದ ಸರ್ಕಿಟ್ಟಿನಿಂದ ನ್ಯೂಟ್ರಲ್ ‘ಕಡ’ ತಂದಿದ್ದರೆ, ಅಥವಾ ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗಿದ್ದರೆ, ಆ ಜೋಡಿ ಮುರಿದು ಕ್ಷೇತ್ರ ಮನೆ ತುಂಬ ಹರಡುತ್ತದೆ. ಒಂಟಿ ತಂತಿಯಲ್ಲಿ 10 ಆಂಪಿಯರ್ ಹರಿದರೆ ಒಂದು ಮೀಟರ್ ದೂರದಲ್ಲಿ 2 ಮೈಕ್ರೊಟೆಸ್ಲಾ. ಪತ್ತೆ ಸುಲಭ: ಮೇನ್ ಬೋರ್ಡಿನಲ್ಲಿ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲ್ಯಾಂಪ್ ಮೀಟರಿನ (ತಂತಿಯನ್ನು ಸುತ್ತಿ ಹಿಡಿದು ಕರೆಂಟು ಅಳೆಯುವ ಮೀಟರ್) ಬಾಯೊಳಗೆ ಹಿಡಿಯಬೇಕು. ಸೊನ್ನೆ ಬರಬೇಕು, ಅರ್ಧ ಆಂಪಿಯರ್ ತೋರಿಸಿದರೂ ದೋಷವಿದೆ. ಇದನ್ನು ಪರವಾನಗಿ ಇರುವ ಎಲೆಕ್ಟ್ರೀಷಿಯನ್ ಕೈಲೇ ಮಾಡಿಸಿ. ಇದೇ ದೋಷಕ್ಕೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಪದೇ ಪದೇ ಬೀಳುತ್ತದೆ. ‘ಸುಮ್ಮನೆ ಟ್ರಿಪ್ ಆಗುತ್ತೆ ಸಾರ್’ ಎಂದು ಅದನ್ನೇ ಕಿತ್ತು ನೇರ ಜೋಡಿಸಿಕೊಡುವವರಿದ್ದಾರೆ. ಅಲ್ಲಿಗೆ ಕಾಂತಕ್ಷೇತ್ರವೂ ಉಳಿಯಿತು, ಶಾಕ್ ಹೊಡೆದರೆ ಕಾಪಾಡುವುದೂ ಹೋಯಿತು.

ಹೈಟೆನ್ಷನ್ ಲೈನಿನ ವಿಷಯದಲ್ಲಿ ನಮ್ಮ ಕೋರಿಕೆ ಒಂದೇ. 400 ಕೆವಿ ಲೈನಿನಡಿ ತಗಡಿನ ಚಾವಣಿ, ಬೇಲಿ ತಂತಿ ಮುಟ್ಟಿದಾಗ ಜುಮ್ಮೆನ್ನುತ್ತದೆ ಎಂದು ರೈತರು ದೂರಿದರೆ ಅದು ಭ್ರಮೆಯಲ್ಲ, ವಿದ್ಯುತ್ ಕ್ಷೇತ್ರದ ಪ್ರೇರಣೆ. ಬೇಲಿಯನ್ನು ಅಲ್ಲಲ್ಲಿ, ಚಾವಣಿಯನ್ನು ಎರಡು ಕಡೆ ಸರಿಯಾಗಿ ಅರ್ಥಿಂಗ್ ಮಾಡಿದರೆ ನಿಲ್ಲುತ್ತದೆ. ಲೈನ್ ಎಳೆದವರೇ ಅದನ್ನು ಮಾಡಿಕೊಡಲಿ. ಊರೊಳಗಿನ 11 ಕೆವಿ ತೆರೆದ ತಂತಿಗೂ ಬಾಲ್ಕನಿಗೂ ಅಡ್ಡಲಾಗಿ 1.2 ಮೀಟರ್, ತಾರಸಿಯಿಂದ ಮೇಲಕ್ಕೆ 3.7 ಮೀಟರ್ ಅಂತರವಿಲ್ಲದ ಕಟ್ಟಡಗಳ ಪಟ್ಟಿಯನ್ನು ವಿದ್ಯುತ್ ಸರಬರಾಜು ಕಂಪನಿಗಳು ವಾರ್ಡ್‌ವಾರು ಪ್ರಕಟಿಸಲಿ. ಒಗೆದ ಸೀರೆ ಹರವುವಾಗ, ಕಬ್ಬಿಣದ ಸರಳು ಮೇಲಕ್ಕೆತ್ತುವಾಗ ಜೀವ ಹೋಗುವುದು ಅಂಥ ಮನೆಗಳಲ್ಲಿ.

ಇಂತಿ,
ನಿವೃತ್ತ ವಿದ್ಯುತ್ ಮತ್ತು ದೂರಸಂಪರ್ಕ ಎಂಜಿನಿಯರುಗಳು, ಮೈಸೂರು