ಉತ್ತರ ಹೇಳದೆ ಜೊತೆಗಿದ್ದವರಿಗೆ

ಹತ್ತು ವರ್ಷ ಮುಗಿಯಿತು. ನಿನ್ನೆ ಸಂಜೆ ಲ್ಯಾಪ್‌ಟಾಪ್ ವಾಪಸ್ ಕೊಟ್ಟೆ. ಚಾರ್ಜರ್ ಎಲ್ಲಿ ಅಂತ ಎರಡು ಸಲ ಕೇಳಿ, ಕೊಟ್ಟ ಮೇಲೆ ಸಹಿ ಹಾಕಿಸಿಕೊಂಡರು. 2015ರಲ್ಲಿ ಸೇರಿದಾಗ ಎರಡು ವರ್ಷ ಇದ್ದು ಬೇರೆ ಕಡೆ ಹೋಗೋಣ ಅಂದುಕೊಂಡಿದ್ದೆ. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅನ್ನುವುದಕ್ಕೆ ಈ ಬರಹ.

ಏನು ಕೆಲಸ ಅಂತ ಯಾರಾದರೂ ಕೇಳಿದರೆ ಇಷ್ಟು ದಿನ "ಔಷಧಿಗೆ ಸಂಬಂಧಪಟ್ಟ ಕಂಪ್ಯೂಟರ್ ಕೆಲಸ" ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಇವತ್ತಾದರೂ ಸರಿಯಾಗಿ ಹೇಳುತ್ತೇನೆ. ಹೊಸ ಔಷಧಿಯನ್ನು ಜನರಲ್ಲಿ ಪರೀಕ್ಷೆ ಮಾಡುವಾಗ ಔಷಧಿ ಕಂಪನಿಗಳು ಎಲ್ಲವನ್ನೂ ತಾವೇ ಮಾಡುವುದಿಲ್ಲ. ಆಸ್ಪತ್ರೆಗಳಿಗೆ ಹೋಗಿ ದಾಖಲೆ ನೋಡುವುದು, ಮಾಹಿತಿ ಸೇರಿಸುವುದು, ಲೆಕ್ಕ ಹಾಕುವುದು, ವರದಿ ಬರೆಯುವುದು, ಇದರಲ್ಲಿ ಬಹುಪಾಲು ನಮ್ಮಂಥ ಸಂಸ್ಥೆಗಳಿಗೆ ಬರುತ್ತದೆ. ಅದರಲ್ಲಿ ನಾನು ಮಾಡಿದ್ದು ಟೇಬಲ್ ಬರುವ ಹಾಗೆ ಪ್ರೋಗ್ರಾಂ ಬರೆಯುವ ಕೆಲಸ. ಎಷ್ಟು ಜನಕ್ಕೆ ತಲೆನೋವು ಬಂತು, ಎಷ್ಟು ಜನ ಆಸ್ಪತ್ರೆ ಸೇರಿದರು, ಯಾವ ಗುಂಪಿನಲ್ಲಿ ಜಾಸ್ತಿ. ಅಷ್ಟೇ. ಸುಮ್ನೆ ಎಣಿಕೆ ಅಂದರೂ ತಪ್ಪಿಲ್ಲ.

ಮೊದಲು ಒಂದೇ ಉಸಿರಿನಲ್ಲಿ ಕೆಲವರಿಗೆ ಧನ್ಯವಾದ: 2020ರಲ್ಲಿ ಆಸ್ಪತ್ರೆಗಳು ಹೊರಗಿನವರಿಗೆ ಬಾಗಿಲು ಮುಚ್ಚಿದಾಗಲೂ ಫೋನಿನಲ್ಲೇ ದಾಖಲೆ ತರಿಸಿಕೊಂಡ ಮಾನಿಟರ್‌ಗಳಿಗೆ (ಆಸ್ಪತ್ರೆಗೆ ಹೋಗಿ ದಾಖಲೆ ನೋಡುವವರು ಇವರೇ), ನನ್ನ ಪಾಸ್‌ವರ್ಡ್ ಲೆಕ್ಕವಿಲ್ಲದಷ್ಟು ಸಲ ಬದಲಿಸಿಕೊಟ್ಟ ಐಟಿಯವರಿಗೆ, ಹತ್ತು ವರ್ಷದಲ್ಲಿ ಬಂದು ಹೋದ ಆರು ಮ್ಯಾನೇಜರ್‌ಗಳಿಗೆ (ಇಬ್ಬರನ್ನು ನಾನು ನೋಡಿಯೇ ಇಲ್ಲ), ಮತ್ತು ಸಾವಿನ ಅಪಾಯ ಇರುವ ಅನಿರೀಕ್ಷಿತ ಪ್ರಕರಣಕ್ಕೆ 7 ದಿನ, ಉಳಿದ ಗಂಭೀರ ಅನಿರೀಕ್ಷಿತ ಪ್ರಕರಣಕ್ಕೆ 15 ದಿನದೊಳಗೆ ವರದಿ ಹೋಗಬೇಕು ಅನ್ನುವ ಗಡುವನ್ನು ಹಬ್ಬ, ರಜೆ ನೋಡದೆ ಕಾಯ್ದ ಸೇಫ್ಟಿ ತಂಡಕ್ಕೆ. ಕೋಡಿಂಗ್ ಮಾಡುವ, ಅಂದರೆ ರೋಗಿ ಹೇಳಿದ ತೊಂದರೆಗೆ ನಿಘಂಟಿನಲ್ಲಿ ಸರಿಯಾದ ವೈದ್ಯಕೀಯ ಪದ ಹುಡುಕುವ ಗೆಳೆಯನಿಗೆ ಬೇರೆಯೇ ಒಂದು ಸಾಲು ಬೇಕು. "ತಲೆ ತಿರುಗಿತು" ಅಂತ ರೋಗಿ ಹೇಳಿದರೆ ಅದರಲ್ಲಿ ಎರಡು ಅರ್ಥ ಇರುತ್ತದೆ, ಮೆಡ್‌ಡ್ರಾ ನಿಘಂಟಿನಲ್ಲಿ ಒಂದು ನರಮಂಡಲದ ಪಟ್ಟಿಗೆ ಹೋಗುತ್ತದೆ, ಇನ್ನೊಂದು ಕಿವಿಯ ಪಟ್ಟಿಗೆ ಅಂತ ಕಲಿಸಿದ್ದು ಅವನು. ಅವತ್ತಿನಿಂದ ಯಾರಾದರೂ ತಲೆ ಸುತ್ತುತ್ತಿದೆ ಅಂದರೆ "ಯಾವ ಥರ?" ಅಂತ ಕೇಳುವ ಚಟ ಹತ್ತಿದೆ. ಮನೆಯವರು ಬೈಯುತ್ತಾರೆ.

ಈಗ ಅಕ್ಕನ ವಿಷಯ. ತಂಡದಲ್ಲಿ ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುವುದು. ಹೆಸರು ಹಾಕಬಾರದು ಅಂತ ಆಣೆ ಮಾಡಿಸಿಕೊಂಡಿದ್ದಾರೆ.

ಅಕ್ಕನ ಕೆಲಸ ಕ್ಯೂಸಿ, ಗುಣಮಟ್ಟದ ತಪಾಸಣೆ. ಅಂದರೆ ನಾನು ಬರೆದ ಪ್ರೋಗ್ರಾಮನ್ನು ನೋಡದೆ, ಅದೇ ಟೇಬಲ್‌ಗೆ ಅವರೂ ಮೊದಲಿನಿಂದ ಬೇರೆ ಪ್ರೋಗ್ರಾಂ ಬರೆಯಬೇಕು. ಇಬ್ಬರ ಅಂಕಿಗಳೂ ಹೊಂದಿದರೆ ಸರಿ. ಹೊಂದದಿದ್ದರೆ ಯಾರೋ ಒಬ್ಬರು ತಪ್ಪು. ಸಾಮಾನ್ಯವಾಗಿ ಅದು ನಾನು. ಒಬ್ಬರದನ್ನು ಇನ್ನೊಬ್ಬರು ನೋಡಿ ಬರೆದರೆ ಒಂದೇ ತಪ್ಪು ಎರಡು ಸಲ ಆಗುತ್ತದೆ ಅಲ್ವಾ, ಅದಕ್ಕೇ ಈ ನಿಯಮ. ಈ ನಿಯಮದಲ್ಲಿ ಅಕ್ಕ ಕೂದಲೆಳೆಯಷ್ಟೂ ಸಡಿಲ ಬಿಟ್ಟವರಲ್ಲ. ಶುರುವಿನ ಎರಡು ವರ್ಷ ಅವರ ಮೇಲ್ ಬಂದರೆ ತೆಗೆಯಲೂ ಭಯವಾಗುತ್ತಿತ್ತು.

ನಡುವೆ ಎಂಟು ತಿಂಗಳು ನಾನು ಕಾಯಿಲೆ ಬಿದ್ದಿದ್ದೆ. ಆ ಕಥೆ ಗೊತ್ತಿರುವವರಿಗೆ ಗೊತ್ತು. ಮತ್ತೆ ಹೇಳುವುದಿಲ್ಲ. ಅದು ಮುಗಿದು ಕೆಲಸಕ್ಕೆ ವಾಪಸ್ ಬಂದ ಮೂರನೇ ವಾರವೇ ಡೇಟಾಬೇಸ್ ಲಾಕ್ ಇತ್ತು. ಲಾಕ್ ಆದಮೇಲೆ ಮಾಹಿತಿಯಲ್ಲಿ ಒಂದಕ್ಷರ ಮುಟ್ಟುವ ಹಾಗಿಲ್ಲ. ಯಾರಿಗೆ ಔಷಧಿ, ಯಾರಿಗೆ ಔಷಧಿಯೇ ಇಲ್ಲದ ಬರೀ ಗುಳಿಗೆ ಅನ್ನುವುದು ಆಗಲೇ ತೆರೆಯುವುದು. ಬೆಳಗ್ಗೆ ಎಂಟಕ್ಕೆ ಮುಖ್ಯ ಟೇಬಲ್‌ಗಳು ಹೋಗಬೇಕು. ಲಾಕ್‌ಗೆ ಮುಂಚಿನ ಡ್ರೈ ರನ್‌ಗಳಲ್ಲಿ, ಅಂದರೆ ತಾಲೀಮಿನಲ್ಲಿ, ಎಲ್ಲ ಹೊಂದಿತ್ತು. ರಾತ್ರಿ ಹನ್ನೊಂದರ ಸುಮಾರಿಗೆ ಅಕ್ಕ ಕರೆ ಮಾಡಿದರು. "ಗಂಭೀರ ತೊಂದರೆಗಳ ಟೇಬಲ್‌ನಲ್ಲಿ ನನಗೆ ಒಂದು ಜಾಸ್ತಿ ಬರ್ತಿದೆ ಕಣೋ."

ಆ ಒಬ್ಬರ ನಂಬರ್ ಹೇಳಿದರು (ಪರೀಕ್ಷೆಯಲ್ಲಿ ಭಾಗವಹಿಸಿದವರು ನಮಗೆ ಹೆಸರಲ್ಲ, ನಂಬರ್). ಅದಕ್ಕಿಂತ ಜಾಸ್ತಿ ಹೇಳಲಿಲ್ಲ. ಅವರು ಹೇಗೆ ಲೆಕ್ಕ ಹಾಕಿದರು ಅಂತ ತೋರಿಸುವ ಹಾಗಿಲ್ಲ. ನಾನೂ ಕೇಳಲಿಲ್ಲ. ಸುಮ್ಮನೆ ಕೂತು ನನ್ನದೇ ಸಾಲುಗಳನ್ನು ಓದಿದೆ. ಹಿಂದೆ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ. ಅವತ್ತು ಒಂದು ಸಾಲು ಓದಿ ಮುಂದಿನದಕ್ಕೆ ಬರುವಷ್ಟರಲ್ಲಿ ಹಿಂದಿನದು ಮರೆತುಹೋಗುತ್ತಿತ್ತು. ಕೈ ನಡುಗುತ್ತಿತ್ತು. ನನ್ನ ತಲೆ ಇನ್ನು ಮೊದಲಿನ ಹಾಗೆ ಆಗುವುದಿಲ್ಲ, ಇಷ್ಟೇ, ಇಲ್ಲಿಗೆ ಮುಗಿಯಿತು ಅನ್ನಿಸಿತು. ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ. "ಅಕ್ಕ, ಬೇರೆಯವರಿಗೆ ಕೊಡಿ. ನನ್ನ ಕೈಲಿ ಆಗಲ್ಲ."

ಅವರು ಸಮಾಧಾನ ಮಾಡಲಿಲ್ಲ. "ನಾನು ಇಲ್ಲೇ ಇರ್ತೀನಿ, ನೀನು ನೋಡು" ಅಂದರು. ಕರೆ ಕತ್ತರಿಸಲಿಲ್ಲ. ಆ ಕಡೆಯಿಂದ ಆಗಾಗ ಕುರ್ಚಿಯ ಕಿರ್ ಸದ್ದು, ಒಂದು ಸಲ ಆಕಳಿಕೆ. ಮೂರು ಗಂಟೆ ಹಾಗೇ ಇದ್ದರು. ಅವರ ಕೆಲಸ ಹನ್ನೊಂದಕ್ಕೇ ಮುಗಿದಿತ್ತು. ತಪ್ಪು ಬರೆದಿಟ್ಟು ಮಲಗಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಕೊನೆಗೂ ಸಿಕ್ಕಿತು. ಆ ಒಬ್ಬರು ಬೇರೆ ಯಾವುದೋ ಆಸ್ಪತ್ರೆಗೆ ಸೇರಿದ್ದರು. ಅದನ್ನು ಪರೀಕ್ಷೆ ನಡೆಸುತ್ತಿದ್ದ ಕೇಂದ್ರದ ಡಾಕ್ಟರಿಗೆ ಹೇಳಿದ್ದು ತಡವಾಗಿ, ಲಾಕ್‌ಗೆ ಸ್ವಲ್ಪ ಮೊದಲು. ತಿಂಗಳು ನೆನಪಿದೆ, ವರ್ಷ ನೆನಪಿದೆ, ದಿನ ನೆನಪಿಲ್ಲ. ಹಾಗಾಗಿ ತಾರೀಖಿನಲ್ಲಿ ದಿನದ ಜಾಗ ಖಾಲಿ. ಅರ್ಧ ತಾರೀಖನ್ನು ಸಂಖ್ಯೆ ಮಾಡಲು ಹೋದರೆ ಇಡೀ ತಾರೀಖೇ ಖಾಲಿಯಾಗುತ್ತದೆ. ನಾವು ಬಳಸುವ ಸ್ಯಾಸ್ ಅನ್ನುವ ಸಾಫ್ಟ್‌ವೇರಿನಲ್ಲಿ ಖಾಲಿ ಅಂದರೆ ಎಲ್ಲ ಸಂಖ್ಯೆಗಿಂತ ಚಿಕ್ಕದು. ಹಾಗಾಗಿ ನನ್ನ ಪ್ರೋಗ್ರಾಂ, ಇವರು ಔಷಧಿ ಶುರುಮಾಡುವ ಮೊದಲೇ ಆಸ್ಪತ್ರೆ ಸೇರಿದ್ದರು ಅಂತ ತೀರ್ಮಾನಿಸಿ ಬಿಟ್ಟುಬಿಟ್ಟಿತ್ತು. ಇಂಥ ತಾರೀಖಿಗೆ ಏನು ಮಾಡಬೇಕು ಅನ್ನುವ ನಿಯಮವನ್ನು ನಾನು ಬರೆದೇ ಇದ್ದೆ. ಆದರೆ ಔಷಧಿ ಶುರುವಾದ ದಿನಕ್ಕೆ ಹೋಲಿಸಿ ಆದಮೇಲಿನ ಸಾಲಿನಲ್ಲಿ. ನಾಲ್ಕು ಸಾಲನ್ನು ಎತ್ತಿ ಮೇಲಕ್ಕೆ ಹಾಕಿದೆ. ಹೊಂದಿತು.

ಆಗ ಅಳು ಬಂತು. ಟೇಬಲ್ ಹೊಂದಿದ್ದಕ್ಕಲ್ಲ. ನಾನು ಆಸ್ಪತ್ರೆಗೆ ಸೇರಿದ ದಿನ ನನಗೂ ನೆನಪಿಲ್ಲ. ಇವತ್ತಿಗೂ ಇಲ್ಲ. ಫೈಲ್ ನೋಡಿಯೇ ಹೇಳಬೇಕು. ಮುಖ ನೋಡದ, ಹೆಸರು ಗೊತ್ತಿಲ್ಲದ ಆ ಒಬ್ಬರನ್ನು, ಅದೇ ಕಾರಣಕ್ಕೆ, ನಾನೇ ಲೆಕ್ಕದಿಂದ ಹೊರಗಿಟ್ಟಿದ್ದೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಅಕ್ಕ ಆಗಲೂ ಮಾತಾಡಲಿಲ್ಲ. ಅತ್ತು ಮುಗಿದಮೇಲೆ, "ಲಾಗ್‌ನಲ್ಲಿ ಕಾರಣ ಸರಿಯಾಗಿ ಬರಿ. ಬರೀ 'ಸರಿಪಡಿಸಲಾಗಿದೆ' ಅಂತ ಬರೆದರೆ ವಾಪಸ್ ಕಳಿಸ್ತೀನಿ" ಅಂದರು. ಬರೆದೆ. ಒಪ್ಪಿಗೆ ಹಾಕಿ ಮಲಗಲು ಹೋದರು. ಆ ರಾತ್ರಿಯ ಬಗ್ಗೆ ಮ್ಯಾನೇಜರ್‌ಗೆ ಒಂದು ಮಾತೂ ಹೋಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಲಾಗ್‌ನಲ್ಲಿ ತಪ್ಪು ಮಾತ್ರ ಇತ್ತು, ಅದು ಇರಲೇಬೇಕಿತ್ತು.

ಕಂಪನಿಗೂ ಧನ್ಯವಾದ ಹೇಳಬೇಕು, ಆದರೆ ಸ್ವಲ್ಪ ಅಳೆದು. ರಜೆ ಕೊಟ್ಟರು, ವಿಮೆ ಕೊಟ್ಟರು, ವಾಪಸ್ ಬಂದಾಗ ಕುರ್ಚಿ ಹಾಗೇ ಇತ್ತು. ಇದು ಸಣ್ಣದಲ್ಲ. ಆದರೆ ಅದೇ ವರ್ಷದ ಮೌಲ್ಯಮಾಪನದಲ್ಲಿ ನನ್ನ ಯುಟಿಲೈಸೇಷನ್ (ಪ್ರಾಜೆಕ್ಟುಗಳಿಗೆ ಲೆಕ್ಕಕ್ಕೆ ಸಿಕ್ಕ ಗಂಟೆಗಳ ಪಾಲು) ಕಡಿಮೆ ಅಂತ ಕೆಂಪು ಬಣ್ಣ ಬಂದಿತ್ತು. ಕಾಲು ಗಂಟೆಯ ಲೆಕ್ಕದಲ್ಲಿ ದಿನವನ್ನು ಹೋಳು ಮಾಡಿ ಯಾವ ಪ್ರಾಜೆಕ್ಟಿಗೆ ಎಷ್ಟು ಅಂತ ಟೈಮ್‌ಶೀಟ್ ತುಂಬುವ ಜಾಗದಲ್ಲಿ, ಅಕ್ಕನ ಆ ರಾತ್ರಿಗೆ ಯಾವ ಕೋಡ್ ಹಾಕುವುದು? ಅವರು ಹಾಕಿಯೇ ಇರಲಿಲ್ಲ. ನಾನು ಕೇಳಿದ್ದಕ್ಕೆ ನಕ್ಕರು.

ಹೊಸದಾಗಿ ಸೇರಿದವರು ಜಿಸಿಪಿ, ಅಂದರೆ ಜನರಲ್ಲಿ ಔಷಧಿ ಪರೀಕ್ಷೆ ಹೇಗೆ ನಡೆಸಬೇಕು ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ತರಬೇತಿ ಅಂದರೆ ಮುಖ ಸಿಂಡರಿಸುತ್ತಾರೆ. ನಾನೂ ಸಿಂಡರಿಸಿದವನೇ. 1996ರ ಮಾರ್ಗಸೂಚಿ, 2016ರಲ್ಲಿ ಒಮ್ಮೆ ಬದಲಾಯಿತು, 2025ರ ಜನವರಿಯಲ್ಲಿ ಮತ್ತೆ. ಪ್ರತಿ ಸಲ ಅದೇ ಸ್ಲೈಡು, ಅದೇ ಪರೀಕ್ಷೆ. ಈ ಸಲದ್ದನ್ನು ಮಾತ್ರ ನಿಧಾನವಾಗಿ ಓದಿದೆ. ಭಾಗವಹಿಸಿದವರ ಹಕ್ಕು, ಸುರಕ್ಷತೆ ಅಂತ ಬಂದ ಕಡೆಯೆಲ್ಲ ಆ ನಂಬರ್ ನೆನಪಾಯಿತು. ಇನ್ನೂ ಬಾಯಿಪಾಠ ಇದೆ, ಹೇಳುವ ಹಾಗಿಲ್ಲ.

ಹಾಕುವ ಮೊದಲು ಈ ಬರಹವನ್ನು ಅಕ್ಕನಿಗೆ ಕಳಿಸಿದ್ದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: "ಮೂರು ಗಂಟೆ ಅಲ್ಲ, ಎರಡು ಗಂಟೆ ನಲವತ್ತು ನಿಮಿಷ. ಸರಿಮಾಡು."

ಮೊದಲ ಸಲ ಅವರ ಮಾತು ಮೀರುತ್ತಿದ್ದೇನೆ. ಹಾಗೇ ಬಿಟ್ಟಿದ್ದೇನೆ, ಅಕ್ಕ.